ಎರಡೂ ತುದಿಗೆ ಅರಗು

ಹಾರೋಹಳ್ಳಿ
೯ ಫೆಬ್ರವರಿ ೨೦೨೫

ತಸ್ಲೀಮಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನೀನು ನಾಲ್ಕು ಸಲ ಫೋನ್ ಮಾಡಿದರೂ ಎತ್ತಲಿಲ್ಲ, ಕ್ಷಮಿಸು. ಎತ್ತಿದ್ದರೆ ನಾನು ಅತ್ತುಬಿಡುತ್ತಿದ್ದೆ, ನೀನು ಸಮಾಧಾನ ಮಾಡುತ್ತಿದ್ದೆ, ಬೈಯುವುದು ಹಾಗೇ ಉಳಿದುಬಿಡುತ್ತಿತ್ತು. ನಿನ್ನ ಮಗಳು ಅನೀಸಾಳ ಕೆಮ್ಮು ವಾಸಿಯಾಯಿತೇ?

ಕಾರು ನಿಲ್ಲಿಸಲು ಜಾಗ ಬೇಕೆಂದು ನಮ್ಮಣ್ಣ ತಿಮ್ಮೇಶ್ ಕಬ್ಬಾಳಿನ ಮನೆಯ ಮುಂದಿದ್ದ ಅಮ್ಮನ ಪನ್ನೀರು ಗುಲಾಬಿಯನ್ನು ಬುಡಸಮೇತ ಕಿತ್ತುಹಾಕಿದ. ಅವತ್ತೇ ಅದರ ಆರು ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚನ್ನಪಟ್ಟಣಕ್ಕೆ ಬಂದು ನಿನ್ನ ಕೈಗೆ ಕೊಟ್ಟೆ. ನನ್ನದು ಫ್ಯಾಕ್ಟರಿ ಶಿಫ್ಟು, ಹೊತ್ತಿಗೆ ಸರಿಯಾಗಿ ನೀರು ಹಾಕಲಾಗದು. ನಿನ್ನ ಕೈಗುಣವೂ ಒಳ್ಳೆಯದು. ಮೇಲಿನ ತುದಿಗೆ ಮಾತ್ರ ಸಗಣಿ ಮೆತ್ತು ಎಂದು ಎರಡೆರಡು ಸಲ ಹೇಳಿದ್ದೆ. ಮೂರು ತಿಂಗಳಿಗೆ ನೀನು ಚಿಗುರಿದ ಗಿಡವೊಂದನ್ನು ಕುಂಡದಲ್ಲಿ ತಂದು, “ತಗೊಳ್ಳೇ, ನಿಮ್ಮವ್ವ ಬದುಕವ್ಳೆ” ಅಂದೆ.

ಮೊನ್ನೆ ಅದು ಹೂ ಬಿಟ್ಟಿತು. ಕಡುಕೆಂಪು. ಮೂಗಿಗೆ ಹಿಡಿದರೆ ಏನೂ ಇಲ್ಲ. ಅಮ್ಮನ ಹೂವು ಒಂದು ಅರಳಿದರೆ ಅಂಗಳವೆಲ್ಲ ಘಮ್ಮೆನ್ನುತ್ತಿತ್ತು. ನಮ್ಮ ಪಕ್ಕದ ಮನೆಯಲ್ಲೇ ಬೆಳೆದವಳು, ಅದನ್ನೇ ಮುಡಿದವಳು ನೀನು. ನಾನು ಕುರುಡಿ ಅಂದುಕೊಂಡೆಯಾ?

ನಿನ್ನ ಗಂಡ ಇದ್ರೀಸ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ ಕೇಳಿಯೇಬಿಟ್ಟೆ. ತಲೆ ತಗ್ಗಿಸಿದರು. “ತಪ್ಪು ನಂದೇ ಅಕ್ಕ. ಸಗಣಿ ಯಾಕೆ, ಬೊಂಬೆಗೆ ಹಾಕೋ ಅರಗು ಐತಲ್ಲ ಅಂತ ಕಾಯಿಸಿ ಎರಡೂ ತುದೀಗೆ ಮೆತ್ತುಬುಟ್ಟೆ. ಒಣಗ್ದೆ ಇರ್ಲಿ ಅಂತ. ಒಂದೂ ಬೇರು ಬುಡ್ಲಿಲ್ಲ. ನೀವು ನೊಂದ್ಕೋತೀರಂತ ಇವ್ಳು ನರ್ಸರಿ ಗಿಡ ತಂದ್ಲು.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೊಂಬೆ ಮಾಡುವ ಅವರ ಕೈಗೆ ಬರುವುದೆಲ್ಲ ಒಣಮರ, ಪಾಪ. ಸಿಟ್ಟೆಲ್ಲ ನಿನ್ನ ಮೇಲೆ. ದಿನಾ ಶಿಫ್ಟು ಮುಗಿಸಿ ಬಂದು ಯಾವುದೋ ನರ್ಸರಿ ಗಿಡವನ್ನು “ಅವ್ವ, ಉಂಡ್ಯಾ?” ಎಂದು ಕೇಳಿದ್ದೇನೆ ಕಣೇ. ನೆನೆಸಿಕೊಂಡರೆ ಮೈ ಉರಿಯುತ್ತದೆ.

ಕುಂಡ ವಾಪಸ್ಸು ಕಳಿಸುತ್ತಿದ್ದೇನೆ. ಗಿಡದ ತಪ್ಪೇನಿಲ್ಲ, ನೀರು ಹಾಕು. ಅನೀಸಾ ನೂರು ವರ್ಷ ಬಾಳಲಿ. ನಿನಗೇನು ಹಾರೈಸಬೇಕೋ ತಿಳಿಯುತ್ತಿಲ್ಲ.

ನಯನ

ವಿ.ಸೂ.: ಅಮ್ಮ ಹೋದ ದಿನ ನೀನು ತವರಿಗೆ ಬಂದಿದ್ದೆ. ಫೋನ್ ಮಾಡಿದವಳೂ ನೀನೇ. “ಒಸಿ ಹುಷಾರಿಲ್ಲ ಅಷ್ಟೇಯ, ನಿಧಾನಕ್ಕೆ ಬಾ” ಅಂದೆ. ನಾನು ನಿಧಾನಕ್ಕೇ ಬಂದೆ. ಕನಕಪುರದಲ್ಲಿ ಇಳಿದು, ಅಮ್ಮನಿಗೆಂದು ಕಿತ್ತಳೆ ಆರಿಸುತ್ತಾ ಎರಡು ಬಸ್ಸು ಬಿಟ್ಟೆ. ಹೊತ್ತು ಮುಳುಗುತ್ತದೆಂದು ಅಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು. ಮುಖ ಕೂಡ ಸಿಗಲಿಲ್ಲ. ಸತ್ತವಳನ್ನು ಬದುಕಿದ್ದಾಳೆ ಎಂದು ನೀನು ನನಗೆ ಹೇಳಿದ್ದು ಇದು ಎರಡನೆಯ ಸಲ, ತಸ್ಲೀಮಾ.