ಅಂಗಿ ಅಳೆಯದ ಮಾರು

ನವೆಂಬರ್ ೧೨, ಮಂಗಳವಾರ.

ದೋಣಿಯವನು ಹಗ್ಗ ವಾಪಸು ತಂದ. "ಅಕ್ಕಾ, ಹತ್ತು ಮಾರು ಅಂದ್ರಿ, ಲಂಗರು ತಳ ಮುಟ್ಟಲೇ ಇಲ್ಲ. ಅಣ್ಣ ಇದ್ದಾಗ ಹೀಗಾಗ್ತಿರಲಿಲ್ಲ."

ಇವರು ತೀರಿಕೊಂಡ ಮೇಲೆ ಅಂಗಡಿಯಲ್ಲಿ ಎರಡೂ ತೋಳು ಚಾಚಿ, ಬೆರಳ ತುದಿಯಿಂದ ತುದಿಗೆ ಒಂದು ಮಾರೆಂದು ಹಗ್ಗ ಅಳೆಯುವವಳು ನಾನೇ. ನನ್ನ ತೋಳು ಗಿಡ್ಡವೆಂದು ಹೊಳೆಯಲೇ ಇಲ್ಲ.

ಮಾರು ಹೇಗೆ ಹುಟ್ಟಿತೆಂದು ಕೇಳಿದವರಿಗೆಲ್ಲ ಇವರದು ಒಂದೇ ಕಥೆ: "ಹಿಂದೆ ಯಾವನೋ ಹೆಂಡತೀನ ತಬ್ಬೋಕೆ ಎರಡೂ ತೋಳು ಚಾಚಿದ. ಅವಳು ತಪ್ಪಿಸಿಕೊಂಡಳು. ಚಾಚಿದ್ದು ದಂಡ ಆಗಬಾರದು ಅಂತ ಹಗ್ಗ ಅಳೆದ." ನನ್ನನ್ನು ನೋಡಿಕೊಂಡೇ ಹೇಳುತ್ತಿದ್ದರು.

ಈಗ ಇವರ ತುಂಬುತೋಳಿನ ಅಂಗಿಯನ್ನು ನೆಲಕ್ಕೆ ಹಾಸಿ, ತೋಳು ಬಿಡಿಸಿ, ಹೊಸ ಹಗ್ಗ ಅಳೆಯಲು ಕೂತೆ. ಅಂಗಿ ಮಣಿಕಟ್ಟಿಗೇ ಮುಗಿಯಿತು. ಅದರಾಚೆ ಅಂಗೈ, ಬೆರಳು ಎಷ್ಟುದ್ದ ಇದ್ದವು? ದಿನಾ ಹಿಡಿದ ಕೈ. ನೆನಪಾಗುತ್ತಿಲ್ಲ.