ಬಿಟ್ಟ ಹೆಸರು

ಹುಣಸೂರು
೧೧ ಫೆಬ್ರವರಿ ೧೯೩೪

ಚಿರಂಜೀವಿ ಲೀದಿಯಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ದೇವರ ದಯೆಯಿಂದ ನಾವಿಬ್ಬರೂ ಕ್ಷೇಮ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಸಿಟ್ಟಾಗಬೇಡ ಮಗಳೇ. ಚಳಿಜ್ವರ ಬಂದಿತ್ತೆಂದು ನೆಪ ಹೇಳಬಹುದು, ಬಂದದ್ದೂ ನಿಜ. ಆದರೆ ನೀನು ಕೇಳಿದ್ದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಸುಮ್ಮನಿದ್ದೆ. “ಹುಡುಗಿ ಕಾಯ್ತಿರ್ತಾಳೆ ಕಣ್ರೀ, ಬರೀರಿ” ಎಂದು ನಿಮ್ಮಮ್ಮ ದಿನಾ ಹೇಳುತ್ತಾಳೆ.

ಮೈಸೂರಿನ ಓದು ಮುಗಿದ ಮೇಲೆ ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಿಗೆ ಸುವಾರ್ತೆ ಹೇಳಲು ನಿನ್ನನ್ನು ಕಳಿಸುತ್ತಾರೆಂದು ತಿಳಿದು ಸಂತೋಷವಾಯಿತು. ಲೀದಿಯ ಎಂದರೆ ಹೆಂಗಸರು ಒಳಗೆ ಕರೆಯುವುದಿಲ್ಲವಂತೆ, ಜಯಲಕ್ಷ್ಮಿ ಎಂದು ಹೇಳಿಕೊಂಡು ಹೋಗಲೇ ಎಂದು ಕೇಳಿದ್ದೀಯ. ನನಗೆ ಆದದ್ದನ್ನೇ ಬರೆಯುತ್ತೇನೆ.

ಮಳೆಗಾಲ ಮುಗಿದ ಮೇಲೆ ನನ್ನನ್ನು ಸರಗೂರಿನ ಆಚೆಗೆ ಉಪದೇಶಿಯಾಗಿ ಹಾಕಿದರಲ್ಲ. ಮೊದಲ ಊರಿನಲ್ಲಿ ಯೋಹಾನ ಎಂದ ಕೂಡಲೇ ಬಿಳಿ ದೊರೆಗಳ ಪೈಕಿಯವನೆಂದು ಕದ ಹಾಕಿಕೊಂಡರು. ಮುಂದಿನ ಊರಿನಲ್ಲಿ ದೊಡ್ಡಬೀರಯ್ಯ ಎಂಬ ಮುದುಕರು ಹೆಸರು ಕೇಳಿದಾಗ ಚಲುವಯ್ಯ ಎಂದುಬಿಟ್ಟೆ. ಅದು ನನ್ನ ಹುಟ್ಟುಹೆಸರು. “ನಮ್ಮ ಬಾವನ ಎಸ್ರೂ ಅದೇಯ. ಬನ್ನಿ, ಕೂತ್ಕಳಿ” ಎಂದು ಕಂಬಳಿ ಹಾಸಿದರು.

ಅಲ್ಲಿಂದ ವಾರವಾರವೂ ಹೋದೆ. ಜ್ವರದವರಿಗೆ ಕ್ವಿನೈನು ಕೊಟ್ಟೆ. ಜಗುಲಿಯಲ್ಲಿ ಕೂತು ಯೇಸುಸ್ವಾಮಿ ಹೇಳಿದ ಕಥೆಗಳನ್ನು ಹೇಳಿದೆ. ತಪ್ಪಿಹೋದ ಕುರಿಯ ಕಥೆಯನ್ನು ಮುದುಕರು ಮತ್ತೆ ಮತ್ತೆ ಹೇಳಿಸುತ್ತಿದ್ದರು. ಅವರೂ ಕುರಿ ಕಾದವರು. ನಾನು ಯಾವ ಮತದವನೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸರಗೂರು ಸಂತೆಯಲ್ಲಿ ಅವರ ಜೊತೆ ನಿಂತಿದ್ದಾಗ ಹುಣಸೂರಿನ ಜವಳಿ ವ್ಯಾಪಾರಿಯೊಬ್ಬರು, “ಏನ್ ಯೋಹಾನಪ್ಪನೋರೇ, ಇಷ್ಟು ದೂರ!” ಎಂದು ಕೂಗಿದರು. ಮುದುಕರು ನನ್ನ ಮುಖ ನೋಡಿದರು.

“ಎರಡೂ ನನ್ನ ಹೆಸರೇ ಯಜಮಾನ್ರೇ. ಚಲುವಯ್ಯ ಅಂತ ನಮ್ಮವ್ವ ಇಟ್ಟಿದ್ದು. ಕ್ರೈಸ್ತನಾದಾಗ ಬಿಟ್ಟೆ,” ಎಂದೆ.

“ಬುಟ್ಟಿದ್ದನ್ನ ಇಲ್ ಬಂದು ಯಾಕ್ ಎತ್ಕಂಡ್ರಿ?”

“ನೀವು ಒಳಗೆ ಕರೀಲಿ ಅಂತ.”

“ಕದ ತೆಗ್ಸಾಕೆ ಒಂದ್ ಎಸ್ರು ಏಳುದ್ರಿ. ನೀವ್ ಏಳಿದ್ ಕತೆ ಇನ್ಯಾವ್ ಕದ ತೆಗ್ಸಾಕೋ, ನಂಗೇನ್ ಗೊತ್ತು?”

ಮುಂದಿನ ವಾರ ಹೋದಾಗ ಅವರ ಸೊಸೆ ಕ್ವಿನೈನಿನ ಪೊಟ್ಟಣಗಳನ್ನು ಜಗುಲಿಯ ಅಂಚಿಗೆ ತಂದಿಟ್ಟು, “ಮಾವ ಬ್ಯಾಡ ಅಂದವ್ರೆ” ಎಂದಳು. ಒಳಗೆ ಮಗುವೊಂದು ನರಳುವುದು ಕೇಳಿಸುತ್ತಿತ್ತು. ಪೊಟ್ಟಣಗಳನ್ನು ಅಲ್ಲೇ ಬಿಟ್ಟು ಬಂದೆ. ಕೊಟ್ಟರೋ ಇಲ್ಲವೋ ತಿಳಿಯದು.

ದೀಕ್ಷಾಸ್ನಾನದ ದಿನ ಹೆಸರು ಬದಲಿಸಲೇಬೇಕೆಂದು ಪಾದ್ರಿಗಳು ಹೇಳಿರಲಿಲ್ಲ. ಹೊಸ ಮನುಷ್ಯನಿಗೆ ಹೊಸ ಹೆಸರು ಬೇಕೆಂದು ಹಠ ಹಿಡಿದವನು ನಾನೇ. ಚಲುವಯ್ಯನಾಗಿಯೇ ಉಳಿದಿದ್ದರೆ ಚಲುವಯ್ಯನಾಗಿ ಎಲ್ಲಿಗಾದರೂ ಹೋಗಬಹುದಿತ್ತು. ನಿನಗಂತೂ ಹುಟ್ಟಿದಂದಿನಿಂದ ಇರುವುದು ಒಂದೇ ಹೆಸರು. ಲೀದಿಯಳಾಗಿಯೇ ಹೋಗಮ್ಮ. ಒಳಗೆ ಕರೆಯದಿದ್ದರೆ ಬೀದಿಯಲ್ಲೇ ನಿಂತು ಮಾತನಾಡು.

ಅಲ್ಲಿ ನೀರು ಕಾಯಿಸಿ ಕುಡಿ. ಒಬ್ಬಳೇ ಹೊತ್ತು ಮುಳುಗುವವರೆಗೆ ತಿರುಗಬೇಡ. ನೀನು ತುಳಿದ ದಾರಿಯಲ್ಲೆಲ್ಲ ದೇವರ ನೆರಳಿರಲಿ.

ನಿನ್ನ ಅಪ್ಪ,
ಯೋಹಾನ

ಮತ್ತೊಂದು ಮಾತು. ಮೊನ್ನೆ ಗಾವಡಗೆರೆಗೆ, ನಮ್ಮವ್ವನ ಮನೆಗೆ ಹೋಗಿದ್ದೆ. ಸಂತೆಯ ಸುದ್ದಿ ನನಗಿಂತ ಮುಂಚೆಯೇ ಅಲ್ಲಿಗೆ ಮುಟ್ಟಿತ್ತು. ನಿನ್ನ ಅಜ್ಜಿ ನನ್ನನ್ನು ಚಲುವ ಎಂದಲ್ಲದೆ ಎಂದೂ ಕರೆದವಳಲ್ಲ. ‘ಆ ಹೆಸರು ಸತ್ತುಹೋಯ್ತವ್ವ, ಯೋಹಾನ ಅನ್ನು’ ಎಂದು ನಾನು ವರ್ಷಗಟ್ಟಲೆ ಕಾಡಿದರೂ ಅವಳು ಕೇಳಿರಲಿಲ್ಲ. ಈ ಸಲ ಹೊಸ್ತಿಲಲ್ಲಿ ನಿಂತು, “ನಾನ್ ಕೂಗುದ್ರೆ ಸತ್ತೋಗಿದ್ ಎಸ್ರು, ಕಂಡೋರ್ ಮನೆಗ್ ಓಗಾಕೆ ಬದುಕ್ಕಂತಾ?” ಎಂದಳು. ಆಮೇಲೆ ಒಳಗೆ ಹೋಗಿ ಮುದ್ದೆ ಬಡಿಸಿ, ನಾಲಗೆ ಹೊರಳದೆ ತಡವರಿಸುತ್ತ, “ಬಾ ಯೋನಪ್ಪ, ಉಣ್ಣು” ಎಂದಳು.

ನಾನು ಬೇಡಿಕೊಂಡಿದ್ದೂ ಅದನ್ನೇ ಅಲ್ಲವೇ, ಮಗಳೇ.