ಕೊನೆಯ ಪುಟದ ತಳದ ಸಾಲು

ಗದಗ, ಹೊಸ ಪಂಚಾಂಗದ ಹದಿಮೂರನೆಯ ತಿಂಗಳು, ೨೨೩೧

ಇನ್ನೂರು ವರ್ಷ ಹಿಂದಿನ, ಪತ್ರಿಕೆ ಓದುವ ಹಿರಿಯರಿಗೆ ದ್ಯಾಮವ್ವ ಹಳ್ಳಿಕೇರಿಯ ನಮಸ್ಕಾರ. ಊರು, ತಾರೀಖು ಮೊದಲು ಹಾಕುವುದನ್ನು ನಿಮ್ಮ ಸುದ್ದಿಗಳನ್ನು ನೋಡಿಯೇ ಕಲಿತೆ. ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮಲ್ಲಿ ಓದುವವರೇ ಕಡಿಮೆ. ಬರೆಯುವವರನ್ನಂತೂ ಜನ ಅನುಮಾನದಿಂದ ನೋಡುತ್ತಾರೆ.

ನಮಗೆ ಸುದ್ದಿ ಹೇಳುವುದು ಗೋಡೆ. ಪ್ರತಿ ಅಡುಗೆಮನೆಯಲ್ಲೂ ಒಂದು ನುಡಿಗೋಡೆ ಇದೆ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಹೆಸರು ಹಿಡಿದು ಕರೆದು, ಬಹಳ ಅಕ್ಕರೆಯಿಂದ ಮಾತಾಡುತ್ತದೆ. ಆ ಅಕ್ಕರೆಯೇ ನನಗೆ ಆಗಿಬರುವುದಿಲ್ಲ. ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಕಂಬಗಳ ರಿಪೇರಿಗೆ ಹೋದ ನನ್ನ ತಮ್ಮ ಫಕೀರೇಶ ಮನೆಗೆ ಬರಲಿಲ್ಲ. ಅವನನ್ನು ಬಳ್ಳಾರಿಯ ಕೆಲಸಕ್ಕೆ ಕಳಿಸಿದ್ದಾರೆ, ಚೆನ್ನಾಗಿದ್ದಾನೆ ಎಂದಿತು ಗೋಡೆ. ನಂಬಿದೆ. ಸಂಜೆ ಪಕ್ಕದ ಮನೆಯ ಹುಸೇನಬಿ ಬಂದು, "ಯಕ್ಕಾ, ಗುಡ್ಡದಾಗ ಕಂಬ ಬಿದ್ದು ಮಂದಿ ಸತ್ತಾರಂತ ನಮ್ಮ ಗ್ವಾಡಿ ಹೇಳ್ತು. ನಿಮ್ಮದು ಹೇಳ್ಲಿಲ್ಲೇನು?" ಎಂದಳು. ಅವಳ ಮನೆಗೆ ಓಡಿದರೆ, ನಾನು ಒಳಗೆ ಕಾಲಿಟ್ಟ ಕೂಡಲೇ ಆ ಗೋಡೆ ಹವಾಮಾನ ಹೇಳತೊಡಗಿತು. ಮೊದಲಿನದನ್ನು ಹೇಳಿದ್ದು ಯಾರು ಎಂದು ಬೈದು ಕೇಳಿದೆ. ಅದು ನಾಳೆಯ ಮಳೆಯ ಮಾತು ಮುಂದುವರಿಸಿತು.

ತಮ್ಮನ ಬಟ್ಟೆ ಮುಟ್ಟಿನೋಡಬೇಕೆನಿಸಿ ಮುತ್ತಜ್ಜಿಯ ಮುತ್ತಜ್ಜಿಯ ಕಾಲದ ಟ್ರಂಕು ತೆಗೆದಾಗ, ತಳಕ್ಕೆ ಹಾಸಿದ್ದ ನಿಮ್ಮ ಪತ್ರಿಕೆ ಸಿಕ್ಕಿತು. ಮೊದಲು ಅದನ್ನೂ ನಂಬಲಿಲ್ಲ. ಮುಖಪುಟದ ದಪ್ಪಕ್ಷರದ ತಲೆಬರಹ ಕಂಡು, ಇಷ್ಟು ಜೋರಾಗಿ ಕೂಗುವವರು ಏನು ಮುಚ್ಚಿಡುತ್ತಿದ್ದಾರೋ ಅನ್ನಿಸಿತು. 'ಬಲ್ಲ ಮೂಲಗಳ ಪ್ರಕಾರ' ಎಂಬುದನ್ನು ಓದಿ ಮೈ ಉರಿಯಿತು. ಆ ಮೂಲಗಳಿಗೆ ಅಪ್ಪ ಅಮ್ಮ ಹೆಸರಿಟ್ಟಿರಲಿಲ್ಲವೇ? ಸಂಪಾದಕೀಯದ ಉಪದೇಶವೂ ಹಿಡಿಸಲಿಲ್ಲ. ಆದರೆ ಒಳಪುಟದ ಮೂಲೆಯಲ್ಲಿ 'ತಿದ್ದುಪಡಿ' ಎಂಬ ಪುಟ್ಟ ಚೌಕವಿತ್ತು: ನಿನ್ನೆಯ ನಿಧನ ವಾರ್ತೆಯಲ್ಲಿ ಫೋಟೊ ಅದಲುಬದಲಾಗಿದೆ, ವಿಷಾದಿಸುತ್ತೇವೆ. ತಪ್ಪಾಯಿತೆಂದು ಊರಿಗೆಲ್ಲ ಹೇಳಿಕೊಳ್ಳುವ ಸುದ್ದಿಯನ್ನು ನಾನು ಕಂಡೇ ಇರಲಿಲ್ಲ. ಇದೇ ಪುಟ ಎಲ್ಲ ಮನೆಗೂ ಹೋಗುತ್ತಿತ್ತೆಂದು ಹೇಳಿದರೆ ಹುಸೇನಬಿ ನಂಬಲೇ ಇಲ್ಲ. ಕೊನೆಯ ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಮುದ್ರಕರು, ಪ್ರಕಾಶಕರು, ಸಂಪಾದಕರು ಎಂದು ಹೆಸರುಗಳು, ಜೊತೆಗೆ ಬೀದಿಯ ವಿಳಾಸ. ಬಾಗಿಲು ಬಡಿದು ಜಗಳ ತೆಗೆಯಬಹುದಾದ ಮನುಷ್ಯರು. ಅದನ್ನು ಓದಿ ಅತ್ತುಬಿಟ್ಟೆ. ತಮ್ಮ ಎಲ್ಲಿ ಎಂದು ಕೇಳಲು ನನಗೆ ಬಡಿಯುವುದಕ್ಕೆ ಒಂದು ಬಾಗಿಲೂ ಇಲ್ಲ.

ಆ ಸಾಲನ್ನು ನಿಮ್ಮಲ್ಲಿ ಯಾರೂ ಓದುವುದಿಲ್ಲವೆಂದು ನನ್ನ ಗುಮಾನಿ. ಜಾಗ ಉಳಿಸುವ ನೆಪದಲ್ಲಿ ಯಾರಾದರೂ ಅದನ್ನು ತೆಗೆಯಲು ಬಂದರೆ ಬಿಡಬೇಡಿ. ಗೋಡೆಗಳು ಹಾಗೆಯೇ ಶುರುವಾಗಿರಬೇಕು.

ನಾನೂ ಒಂದು ಹಾಳೆ ಬರೆದು, ಅದನ್ನೇ ನಕಲು ಮಾಡಿ ಓಣಿಯ ಎಲ್ಲ ಬಾಗಿಲಿಗೂ ಅಂಟಿಸಿದ್ದೇನೆ: ಫಕೀರೇಶ ಗುಡ್ಡದಿಂದ ಬಂದಿಲ್ಲ, ಕಂಡವರು ಹೇಳಿ. "ಹೆಸರು ಹಾಕಬ್ಯಾಡ ಯಕ್ಕಾ, ಹಿಡಕೊಂಡು ಹೋಗ್ತಾರ" ಎಂದು ಹುಸೇನಬಿ ಗೋಗರೆದಳು. ಇಂದು ಬೆಳಿಗ್ಗೆ ಗೋಡೆ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಹೆದರಿಕೆಯಾಗಿದೆ. ಆದರೂ ಹಾಳೆಯ ತಳದಲ್ಲಿ ಹಾಕಿದ್ದನ್ನೇ ಇಲ್ಲೂ ಹಾಕುತ್ತೇನೆ.

ಬರೆದವಳು, ಅಂಟಿಸಿದವಳು, ತಪ್ಪಿದ್ದರೆ ಹೊಣೆ ಹೊರುವವಳು: ದ್ಯಾಮವ್ವ ಹಳ್ಳಿಕೇರಿ, ಗಾಳಿಕಂಬದ ಓಣಿ, ಗದಗ. ಬಾಗಿಲು ಬಡಿಯಬಹುದು.